ಸಮಾನ ಅನುಭವಿಗಳ ಬೆಂಬಲ ಗುಂಪು: ಎರಡರಿಂದ ಏಳಕ್ಕೆ ಹೋಗೋದು ಹೇಗೆ?

ಎರಡುಗುಂಪು (ಪ್ರಶ್ನೆ)

ಖಿನ್ನತೆ, ಆತಂಕ, ಬೈಪೋಲಾರ್ ಇರುವವರೇ ಸೇರಿ ನಡೆಸುವ ಚಿಕ್ಕ ಸಂಸ್ಥೆ ನಮ್ಮದು. ಡಾಕ್ಟರು, ಕೌನ್ಸೆಲರ್ ಯಾರೂ ಗುಂಪಿನಲ್ಲಿ ಕೂರುವುದಿಲ್ಲ. ಈಗ ಎರಡು ಗುಂಪುಗಳಿವೆ, ಎರಡೂ ವಾರಕ್ಕೊಮ್ಮೆ ಸೇರುತ್ತವೆ. ಗುಂಪು ನಡೆಸುವವರು ನಾಲ್ವರು, ಟ್ರಸ್ಟಿಗಳು ಐವರು. ಇನ್ನೂ ಐದು ಕಡೆಯಿಂದ "ನಮ್ಮಲ್ಲೂ ಶುರು ಮಾಡಿ" ಅಂತ ಬೇಡಿಕೆ ಇದೆ. ಒಬ್ಬ ದಾನಿ ಒಂದು ವರ್ಷಕ್ಕೆ ದುಡ್ಡು ಕೊಡಲು ತಯಾರು, ಆದರೆ ವರ್ಷದೊಳಗೆ ಐದೂ ಶುರುವಾಗಿರಬೇಕು ಅನ್ನುವುದು ಅವರ ಷರತ್ತು.

ಕೇಳಬೇಕಾಗಿರುವುದು: ಒಂದು ವರ್ಷದಲ್ಲಿ ಐದು ಗುಂಪು ಆಗುವ ಮಾತಾ? ಹೊಸಬರನ್ನು ತಯಾರು ಮಾಡಲು ನಿಜವಾಗಿ ಎಷ್ಟು ಸಮಯ ಬೇಕು? ಗುಂಪಿನ ನಡುವೆ ಯಾರಾದರೂ ಸಾಯುವ ಮಾತಾಡಿದರೆ ಪಕ್ಕಾ ಕ್ರಮ ಏನಿರಬೇಕು? ದುಡ್ಡು ಬಂದರೆ ಮೊದಲು ಯಾವುದಕ್ಕೆ ಹಾಕಬೇಕು? ಅನುಭವ ಇರುವವರು ಹೇಳಿ.

ಜೋಡಿಕುರ್ಚಿ

ಐದು ಆಗಲ್ಲ. ಒಂದು ಖಂಡಿತ ಆಗುತ್ತೆ, ಎರಡನೆಯದು ಎಲ್ಲ ಸರಿ ಹೋದರೆ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ.

ಒಂದು ಗುಂಪಿಗೆ ಮೂರು ಹೆಸರು ಬೇಕು. ಪ್ರತಿ ಸಲ ಇಬ್ಬರು ಕೂರಬೇಕು, ಮೂರನೆಯವರು ಕಾಯ್ದಿರಿಸಿದವರು. ಒಬ್ಬರೇ ನಡೆಸುವ ಗುಂಪು ಒಂದು ಜ್ವರ ಬಂದರೆ ನಿಂತುಹೋಗುತ್ತೆ, ಒಬ್ಬ ಸದಸ್ಯರು ಎದ್ದು ಹೊರಗೆ ಹೋದರೆ ಹಿಂದೆ ಹೋಗಲು ಜನ ಇರಲ್ಲ. ಅಂದರೆ ನಿಮ್ಮ ಎರಡು ಗುಂಪಿಗೇ ಆರು ಜನ ಬೇಕಿತ್ತು, ಇರುವುದು ನಾಲ್ಕು. ಈಗಲೇ ಇಬ್ಬರು ಕಮ್ಮಿ.

ಹೊಸಬರ ತಯಾರಿ ಹೀಗೆ: 20 ಗಂಟೆ ತರಗತಿ, ವಾರಕ್ಕೆ 4 ಗಂಟೆಯಂತೆ 5 ವಾರ. ಎರಡು ದಿನದ ಶಿಬಿರದಲ್ಲಿ ಮುಗಿಸುವ ಆಸೆ ಎಲ್ಲರಿಗೂ ಇರುತ್ತೆ, ಬೇಡ. ಕೇಳಿದ್ದನ್ನು ಬಾಯಿಗೆ ರೂಢಿ ಮಾಡಿಕೊಳ್ಳಲು ನಡುವೆ ದಿನಗಳು ಬೇಕು. ಆಮೇಲೆ 4 ಸಭೆ ಸುಮ್ಮನೆ ಕೂತು ನೋಡುವುದು, 4 ಸಭೆ ಹಳಬರ ಜೊತೆ ಸೇರಿ ನಡೆಸುವುದು, 2 ಸಭೆ ತಾವೇ ಮುಂದಾಗಿ ನಡೆಸುವುದು, ಹಳಬರು ಪಕ್ಕದಲ್ಲಿ. ಒಟ್ಟು 10 ಸಭೆ, ಅಂದರೆ 10 ವಾರ.

ತೊಡಕು ಇರುವುದು ಇಲ್ಲೇ. ಒಂದು ಗುಂಪಿನಲ್ಲಿ ಒಂದು ಸಲಕ್ಕೆ ಒಬ್ಬ ಕಲಿಯುವವರನ್ನು ಮಾತ್ರ ಕೂರಿಸಬಹುದು. ಇಬ್ಬರು ಮೂವರು ಕೂತರೆ ಸದಸ್ಯರಿಗೆ ತಮ್ಮನ್ನು ಪರೀಕ್ಷೆಗೆ ಇಟ್ಟ ಹಾಗಾಗಿ ಬಾಯಿ ಮುಚ್ಚಿಬಿಡುತ್ತಾರೆ. ನಿಮ್ಮಲ್ಲಿ ಎರಡು ಗುಂಪು, ಹಾಗಾಗಿ 10 ವಾರಕ್ಕೆ ಇಬ್ಬರು. ವರ್ಷದ 52ರಲ್ಲಿ ತರಗತಿಯ 5 ವಾರ ಕಳೆದರೆ 47, ನಾಲ್ಕು ಸುತ್ತು ಬರುತ್ತೆ, ಎಂಟು ಜನ. ಅದರಲ್ಲಿ ಇಬ್ಬರು ಈಗಿನ ಕೊರತೆಗೆ ಹೋದರು. ಉಳಿದ ಆರು ಜನ ಎರಡು ಹೊಸ ಗುಂಪಿಗೆ ಸರಿಯಾಗುತ್ತೆ. ಅದೂ ಒಬ್ಬರೂ ಮಧ್ಯದಲ್ಲಿ ಬಿಡದೇ ಇದ್ದರೆ. ಬಿಟ್ಟೇ ಬಿಡುತ್ತಾರೆ: ಕೆಲಸ ಬದಲಾಗುತ್ತೆ, ಆರೋಗ್ಯ ಹದಗೆಡುತ್ತೆ, ಕೆಲವರಿಗೆ "ಇದು ನನಗಲ್ಲ" ಅಂತ ನಾಲ್ಕನೇ ಸಭೆಯಲ್ಲಿ ಗೊತ್ತಾಗುತ್ತೆ. ಹೊಸ ಗುಂಪು ಶುರುವಾದ ತಕ್ಷಣ ಅಲ್ಲಿಗೂ ಕಲಿಯುವವರನ್ನು ಕಳಿಸೋಣ ಅಂದುಕೊಳ್ಳಬೇಡಿ. ಮೊದಲ ಆರು ತಿಂಗಳು ಆ ಗುಂಪು ತಾನೇ ಕಲಿಯುತ್ತಿರುತ್ತೆ.

ಹಾಗಾಗಿ ನಿಮಗೆ ಕಮ್ಮಿ ಇರುವುದು ದುಡ್ಡಲ್ಲ, ಕಲಿಯುವವರು ಕೂರುವ ಕುರ್ಚಿ. ದಾನಿ ಎರಡರಷ್ಟು ಕೊಟ್ಟರೂ ಆ ಕುರ್ಚಿ ಎರಡೇ.

ಆಯ್ಕೆಯ ಬಗ್ಗೆಯೂ ಒಂದು ಮಾತು. ಚೆನ್ನಾಗಿ ಮಾತಾಡುವವರನ್ನು ಮೊದಲು ಆರಿಸುವುದು ಎಲ್ಲರೂ ಮಾಡುವ ತಪ್ಪು. ಗುಂಪಿನಲ್ಲಿ ಅರ್ಧ ನಿಮಿಷ ಯಾರೂ ಮಾತಾಡದೇ ಇದ್ದಾಗ ಸಹಿಸಿಕೊಳ್ಳಲು ಅವರಿಗೆ ಆಗುವುದಿಲ್ಲ, ತಮ್ಮ ಕಥೆ ಶುರು ಮಾಡುತ್ತಾರೆ. ಸಂದರ್ಶನದಲ್ಲಿ ಅರ್ಜಿ ಓದುವುದಕ್ಕಿಂತ ಒಂದು ಸನ್ನಿವೇಶ ಕೊಡಿ. ಸದಸ್ಯರೊಬ್ಬರು "ಮಾತ್ರೆ ಎಲ್ಲಾ ನಿಲ್ಲಿಸಿಬಿಟ್ಟೆ, ಈಗ ಹಾಯಾಗಿದ್ದೀನಿ" ಅಂತಾರೆ. "ಒಳ್ಳೇದು ಮಾಡಿದ್ರಿ, ನಾನೂ ನಿಲ್ಲಿಸಿದ್ದೆ" ಅನ್ನುವವರೂ ಬೇಡ, "ಅಯ್ಯೋ, ತಕ್ಷಣ ಶುರು ಮಾಡಿ" ಅನ್ನುವವರೂ ಬೇಡ. "ನಿಲ್ಲಿಸೋ ಹಾಗೆ ಏನಾಯ್ತು? ಡಾಕ್ಟರಿಗೆ ಗೊತ್ತಾ?" ಅನ್ನುವವರು ಬೇಕು. ಮಾತ್ರೆ ತಗೊಳ್ಳಿ, ಬಿಡಿ ಅನ್ನುವುದು ಗುಂಪಿನ ಕೆಲಸವಲ್ಲ. ಆದರೆ ಕೆಲವು ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಅಪಾಯ, ಆತಂಕಕ್ಕೆ, ನಿದ್ದೆಗೆ ಕೊಡುವ ಬೆಂಜೋಡಯಜೆಪೀನ್ ಜಾತಿಯವುಗಳಲ್ಲಿ ಫಿಟ್ಸ್ ಕೂಡ ಬರಬಹುದು ಅನ್ನುವಷ್ಟು ತಿಳಿವಳಿಕೆ ನಡೆಸುವವರಿಗೆ ಇರಲೇಬೇಕು.

ಗುಂಪಿನ ಗಾತ್ರ 6ರಿಂದ 10. ಒಂದೂವರೆ ಗಂಟೆಯ ಸಭೆಯಲ್ಲಿ ನಿಯಮ ಹೇಳಿ ಶುರು ಮಾಡಲು 10 ನಿಮಿಷ, ಮುಗಿಸಲು 15. ಉಳಿದ 65 ನಿಮಿಷವನ್ನು 13 ಜನರಿಗೆ ಹಂಚಿದರೆ ತಲೆಗೆ ಐದು ನಿಮಿಷ. ಐದು ನಿಮಿಷದಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. 12 ದಾಟಿದ ದಿನವೇ ಎರಡು ಮಾಡಿ.

ರಾತ್ರಿಪಾಳಿ

ಸಾಯುವ ಮಾತು ಬಂದಾಗಿನ ಕ್ರಮಕ್ಕೆ ಉತ್ತರಿಸ್ತೀನಿ. ಇದು ಒಂದೇ ಹಾಳೆಯಲ್ಲಿ ಬರೆದು ನಡೆಸುವವರ ಕೈಯಲ್ಲಿ ಇರಬೇಕು. ಆ ಹೊತ್ತಿಗೆ ಮೂವತ್ತು ಪುಟದ ಕೈಪಿಡಿ ಯಾರೂ ತೆರೆಯುವುದಿಲ್ಲ.

ಕೆಲಸ ಶುರುವಾಗುವುದು ಸಭೆಯ ಮೊದಲ ನಿಮಿಷದಲ್ಲೇ. "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ" ಅಂತಷ್ಟೇ ಹೇಳಿ ನಿಲ್ಲಿಸುವ ಗುಂಪುಗಳು ಬಹಳ. ಆಮೇಲೆ ಯಾರದೋ ಜೀವಕ್ಕೆ ಅಪಾಯ ಅಂತ ಮನೆಯವರಿಗೆ ಫೋನ್ ಮಾಡಿದರೆ ಅದು ನಂಬಿಕೆದ್ರೋಹ ಆಗಿಬಿಡುತ್ತೆ. ಪ್ರತಿ ಸಲ, ಹಳಬರಿಗೆ ಬೇಜಾರಾದರೂ, ಹೀಗೆ ಹೇಳಿ: "ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ. ಒಂದೇ ವಿನಾಯಿತಿ, ಯಾರದೇ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ನಾವು ಇನ್ನೊಬ್ಬರ ಸಹಾಯ ಕೇಳ್ತೀವಿ, ಆದಷ್ಟೂ ನಿಮಗೆ ಹೇಳಿಯೇ ಕೇಳ್ತೀವಿ." ಸೇರುವಾಗಲೇ ತುರ್ತಿಗೆ ಯಾರಿಗೆ ಫೋನ್ ಮಾಡಬಹುದು ಅಂತ ಒಂದು ನಂಬರ್, ಅವರ ಒಪ್ಪಿಗೆಯೊಂದಿಗೆ, ಬರೆಸಿಕೊಳ್ಳಿ.

ಮಾತು ಬಂದಾಗ ನೇರವಾಗಿ ಕೇಳಿ. "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತೆ ಅನ್ನುವ ಭಯ ಎಲ್ಲ ಹೊಸಬರಿಗೂ ಇರುತ್ತೆ. ಹಾಗೆ ಆಗಲ್ಲ ಅಂತ ಅಧ್ಯಯನಗಳು ತೋರಿಸಿವೆ. "ತಪ್ಪು ಯೋಚನೆ ಏನೂ ಇಲ್ಲ ತಾನೇ?" ಅಂತ ಕೇಳಬೇಡಿ. ಇಲ್ಲ ಅಂತ ಹೇಳಿಸಿಕೊಳ್ಳಲಿಕ್ಕೇ ಕೇಳಿದ ಪ್ರಶ್ನೆ ಅದು. ಹೌದು ಅಂದರೆ ಇನ್ನೆರಡು: ಹೇಗೆ ಅಂತ ಯೋಚಿಸಿದ್ದೀರಾ, ಇವತ್ತೇ ಮಾಡಬೇಕು ಅನ್ನಿಸ್ತಿದೆಯಾ. ಯೋಜನೆ, ಅದಕ್ಕೆ ಬೇಕಾದ್ದು ಕೈಗೆ ಸಿಗುವ ಹಾಗಿರುವುದು, ಇವತ್ತು ಅನ್ನುವ ಮಾತು, ಈ ಮೂರೂ ಸೇರಿದರೆ ಅದು ಗುಂಪಿನ ಕೈ ಮೀರಿದ್ದು. ಒಬ್ಬರನ್ನೇ ಮನೆಗೆ ಕಳಿಸುವ ಪ್ರಶ್ನೆಯೇ ಇಲ್ಲ. ಆಸ್ಪತ್ರೆಯ ತುರ್ತು ವಿಭಾಗ, ಇಲ್ಲವೇ ನಿಮ್ಮಲ್ಲಿನ ತುರ್ತು ನಂಬರ್. ಮೂರರಲ್ಲಿ ಒಂದು ಇಲ್ಲ ಅಂತ "ಹೋಗಿ ಬನ್ನಿ" ಅನ್ನಬೇಡಿ, ಕೆಳಗೆ ಹೇಳುವ ಫೋನ್ ಆಗಲೂ ಮಾಡಲೇಬೇಕು.

ಈ ಮಾತುಕತೆ ಗುಂಪಿನ ನಡುವೆ ಬೇಡ. ಇಬ್ಬರಲ್ಲಿ ಒಬ್ಬರು ಆ ವ್ಯಕ್ತಿಯ ಜೊತೆ ಪಕ್ಕದ ಕೋಣೆಗೆ ಹೋಗಬೇಕು, ಇನ್ನೊಬ್ಬರು ಗುಂಪನ್ನು ಹಿಡಿದು ಕೂರಬೇಕು. ಜಾಗ ಗೊತ್ತು ಮಾಡುವಾಗಲೇ ಎರಡನೇ ಕೋಣೆ ಇದೆಯಾ ನೋಡಿ. ಒಳಗೆ ಉಳಿದವರ ಪಾಡು ಎಲ್ಲರೂ ಮರೆಯುವ ವಿಷಯ. ಅಲ್ಲಿ ಕೂತ ಎಂಟು ಜನರಲ್ಲಿ ಇಬ್ಬರಿಗಾದರೂ ತಮ್ಮ ಹಳೆಯದು ಕೆದಕಿರುತ್ತೆ. ಮುಗಿಯುವ ಮುಂಚೆ ಒಬ್ಬೊಬ್ಬರನ್ನೂ "ನೀವು ಹೇಗಿದ್ದೀರಿ, ಇವತ್ತು ರಾತ್ರಿ ಜೊತೆಗೆ ಯಾರಿರ್ತಾರೆ" ಅಂತ ಕೇಳಿಯೇ ಕಳಿಸಬೇಕು.

"ಏನೂ ಮಾಡ್ಕೊಳ್ಳಲ್ಲ ಅಂತ ಮಾತು ಕೊಡಿ" ಅಂತ ಆಣೆ ಹಾಕಿಸಿಕೊಳ್ಳುವುದು ಬಿಟ್ಟುಬಿಡಿ. ಅದರಿಂದ ಜೀವ ಉಳಿಯುತ್ತೆ ಅನ್ನಲು ಆಧಾರ ಇಲ್ಲ. ಮಾತು ಕೊಟ್ಟವರು ಮುಂದಿನ ಸಲ ಕಷ್ಟ ಬಂದಾಗ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ, ಅಷ್ಟೇ. ಅದರ ಬದಲು ಸುರಕ್ಷತಾ ಯೋಜನೆ. ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ರೂಪಿಸಿದ ಆರು ಹೆಜ್ಜೆಯ ಕ್ರಮ ಬಹಳ ಕಡೆ ಬಳಕೆಯಲ್ಲಿದೆ: ಹದಗೆಡುತ್ತಿದೆ ಅನ್ನುವ ಸೂಚನೆಗಳು, ತಾವೊಬ್ಬರೇ ಮಾಡಬಹುದಾದದ್ದು, ಮನಸ್ಸು ಬೇರೆ ಕಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೃತ್ತಿಪರರು, ಕೊನೆಗೆ ಅಪಾಯದ ವಸ್ತುಗಳನ್ನು ದೂರ ಇಡುವುದು. ಸದಸ್ಯರು ಚೆನ್ನಾಗಿರುವ ದಿನವೇ ಅವರ ಸ್ವಂತ ಮಾತಿನಲ್ಲಿ ಬರೆಸಿ. ಪಕ್ಕದ ಕೋಣೆಯಲ್ಲಿ ಅಳುತ್ತಾ ಕೂತಿರುವಾಗ ಕಾಗದ ಹೊಸದಾಗಿ ಕೊಡುವುದಲ್ಲ, ಹಳೆಯದನ್ನು ತೆಗೆದು ನೋಡುವುದು.

ಸಭೆ ಮುಗಿದ ಮೇಲೆ: ಅದೇ ರಾತ್ರಿ ಸಂಸ್ಥೆಯಲ್ಲಿ ಹೊಣೆ ಹೊತ್ತವರಿಗೆ ಫೋನ್, ಮರುದಿನ ಆ ಸದಸ್ಯರಿಗೆ ಫೋನ್, ದಾಖಲೆಯಲ್ಲಿ ನಾಲ್ಕು ಸಾಲು. ಏನು ಹೇಳಿದರು, ನಾವು ಏನು ಮಾಡಿದೆವು, ಯಾರಿಗೆ ತಿಳಿಸಿದೆವು, ಎಷ್ಟು ಹೊತ್ತಿಗೆ. ಕಾಯಿಲೆಯ ಹೆಸರು, ನಿಮ್ಮ ಊಹೆ ಬರೆಯಬೇಡಿ.

ಇನ್ನೊಂದು, ವಾಟ್ಸಾಪ್ ಗುಂಪು. ಸಭೆಯ ವೇಳೆ ತಿಳಿಸಲು ಅಂತ ಶುರುವಾಗಿ ರಾತ್ರಿ ಎರಡಕ್ಕೆ "ಇನ್ನು ಸಾಕು" ಅಂತ ಒಂದು ಮೆಸೇಜ್ ಬರುವುದರಲ್ಲಿ ಮುಗಿಯುತ್ತೆ. ನೋಡಿದವರು ಮೂವತ್ತು ಜನ, ಪ್ರತಿಯೊಬ್ಬರೂ ಇನ್ನೊಬ್ಬರು ಉತ್ತರಿಸಿರುತ್ತಾರೆ ಅಂದುಕೊಂಡಿರುತ್ತಾರೆ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿ, ವಿವರಣೆಯಲ್ಲಿ ಸಹಾಯವಾಣಿ ನಂಬರ್ ಹಾಕಿ.

ಖಾತೆಪುಸ್ತಕ

ದುಡ್ಡಿನ ವಿಷಯ. ದುಡ್ಡು ಬಂದ ತಕ್ಷಣ ನಿರ್ದೇಶಕರನ್ನೋ ದೇಣಿಗೆ ಸಂಗ್ರಹಿಸುವವರನ್ನೋ ನೇಮಿಸಬೇಡಿ. ಸಂಬಳದ ಮೊದಲ ಹುದ್ದೆ ಗುಂಪು ನಡೆಸುವವರ ಸಂಯೋಜಕರದು, ಅರ್ಧ ದಿನದ ಕೆಲಸವಾದರೂ ಸರಿ. ಪಾಳಿ ಪಟ್ಟಿ, ತರಬೇತಿ, ಬರಲಾಗದವರ ಬದಲಿ, ಮರುದಿನದ ಫೋನ್, ಎಲ್ಲ ಅವರದು. ಎರಡನೆಯ ಖರ್ಚು ಸೂಪರ್‌ವಿಷನ್: ನಡೆಸುವವರು 6ರಿಂದ 8 ಜನ ಸೇರಿ ತಿಂಗಳಿಗೊಮ್ಮೆ ಒಂದೂವರೆ ಗಂಟೆ, ಹೊರಗಿನ ಅನುಭವಿ ಒಬ್ಬರ ಜೊತೆ ಕೂತು ಗುಂಪಿನಲ್ಲಿ ಎದುರಾದ ಕಷ್ಟಗಳನ್ನು ಮಾತಾಡುವುದು. ಬಜೆಟ್ ಕಡಿತ ಬಂದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಆರು ತಿಂಗಳಲ್ಲಿ ನಡೆಸುವವರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದಾಗ ಕಾರಣ ಹುಡುಕುತ್ತಾ ಕೂರುತ್ತಾರೆ.

ಒಂದು ಗುಂಪಿನ ನಿಜವಾದ ವರ್ಷದ ಖರ್ಚು ಬರೆಯಿರಿ. ಜಾಗದ ಬಾಡಿಗೆ, ಮೂವರ ಓಡಾಟ, ತರಬೇತಿ, ಸೂಪರ್‌ವಿಷನ್ ಪಾಲು, ಫೋನ್, ವಿಮೆ, ಸಂಯೋಜಕರ ಸಂಬಳದ ಪಾಲು, ಲೆಕ್ಕಪರಿಶೋಧಕರ ಶುಲ್ಕದ ಪಾಲು. ವಾಲಂಟಿಯರ್‌ಗಳಿದ್ದಾರೆ, ಖರ್ಚೇ ಇಲ್ಲ ಅಂತ ದಾನಿಗೆ ಹೇಳಿಬಿಟ್ಟರೆ ಮುಂದಿನ ವರ್ಷ ನಿಜ ಹೇಳುವುದು ಕಷ್ಟ. ಕನಿಷ್ಠ ಮೂರು ತಿಂಗಳ ಖರ್ಚು ಮೀಸಲಿಲ್ಲದೆ ಹೊಸ ಗುಂಪು ತೆರೆಯಬೇಡಿ. ಶುರುವಾಗಿ ಮುಚ್ಚಿದ ಗುಂಪು ಶುರುವೇ ಆಗದ್ದಕ್ಕಿಂತ ಕೆಟ್ಟದ್ದು. ಗುಂಪಿಗೆ ಬರುವವರು ಮೊದಲೇ ಕೈಬಿಟ್ಟವರನ್ನು ಕಂಡು ಬಂದವರು.

ಒಂದು ವರ್ಷದ ದುಡ್ಡಿಗೆ ಐದು ಗುಂಪು ಅನ್ನುವ ಷರತ್ತಿಗೆ ಸಹಿ ಹಾಕಬೇಡಿ. ದಾನಿಗೆ ಮೇಲಿನ ಕುರ್ಚಿ ಲೆಕ್ಕ ತೋರಿಸಿ ಅದೇ ಮೊತ್ತವನ್ನು ಎರಡು ವರ್ಷಕ್ಕೆ ಕೇಳಿ: ಮೊದಲ ವರ್ಷ ಎಂಟು ಜನರ ತಯಾರಿ ಮತ್ತು ಒಂದು ಗುಂಪು, ಎರಡನೇ ವರ್ಷ ಇನ್ನೆರಡು. ಕಂತುಗಳನ್ನು ಗುಂಪಿನ ಸಂಖ್ಯೆಗೆ ಕಟ್ಟದೆ, ತಯಾರಾದ ಜನರ ಸಂಖ್ಯೆಗೆ ಕಟ್ಟಲು ಕೇಳಿ. ಒಪ್ಪದಿದ್ದರೆ ಆ ದುಡ್ಡು ನಿಮಗಲ್ಲ.

ಟ್ರಸ್ಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ವತಃ ಅನುಭವ ಇರುವವರಾಗಿರಬೇಕು ಅಂತ ನಿಯಮಾವಳಿಯಲ್ಲೇ ಬರೆಯಿರಿ, ಬಾಯಿಮಾತು ಸಾಲದು. ಸಂಸ್ಥೆ ದೊಡ್ಡದಾದಂತೆ ವಕೀಲರು, ಡಾಕ್ಟರು, ಲೆಕ್ಕಿಗರು ಬೇಕಾಗುತ್ತಾರೆ. ಒಬ್ಬೊಬ್ಬರಾಗಿ ಬರುತ್ತಾ ಒಂದು ದಿನ ಅವರೇ ಬಹುಮತ ಆಗಿರುತ್ತಾರೆ. ಬ್ಯಾಂಕಿಗೆ ಎರಡು ಸಹಿ, ಅಧ್ಯಕ್ಷರು ಖಜಾಂಚಿ ಒಂದೇ ಮನೆಯವರಾಗಬಾರದು, ಮೂರು ವರ್ಷದ ಅವಧಿ, ಎರಡು ಸಲಕ್ಕಿಂತ ಹೆಚ್ಚಿಲ್ಲ. ಸ್ಥಾಪಕರಿಗೂ ಇದೇ.

ಎರಡುಗುಂಪು

ಕುರ್ಚಿ ಲೆಕ್ಕ ನೋಡಿ ತಲೆ ತಿರುಗಿತು, ಆದರೆ ತಪ್ಪು ಹುಡುಕಲು ಆಗಲಿಲ್ಲ. ಎರಡು ಉಪಪ್ರಶ್ನೆ. ಬೇಡಿಕೆ ಇಟ್ಟ ಐದು ಕಡೆಯವರೇ ಸ್ವತಂತ್ರವಾಗಿ ಶುರು ಮಾಡಿ ನಮ್ಮ ಹೆಸರು ಬಳಸಿದರೆ? ಇನ್ನೊಂದು, ದಾನಿ "ಪ್ರಯೋಜನ ಆಗ್ತಿದೆ ಅಂತ ಅಂಕಿ ತೋರಿಸಿ" ಅಂತ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಫಾರಂ ಪ್ರತಿ ಸಭೆಯಲ್ಲೂ ತುಂಬಿಸಲು ಹೇಳ್ತಿದ್ದಾರೆ.

ಅಳತೆಗೋಲು

ಎರಡನೆಯದಕ್ಕೆ ಮೊದಲು. ಪಿಎಚ್‌ಕ್ಯೂ-9 ಒಳ್ಳೆಯ ಸಾಧನ, ಒಂಬತ್ತು ಪ್ರಶ್ನೆ, 0ರಿಂದ 27 ಅಂಕ, ಕಳೆದ ಎರಡು ವಾರದ ಬಗ್ಗೆ. ಎರಡು ವಾರದ್ದನ್ನು ಪ್ರತಿ ವಾರ ಕೇಳುವುದೇ ಮೊದಲ ಎಡವಟ್ಟು. ದೊಡ್ಡದು ಒಂಬತ್ತನೇ ಪ್ರಶ್ನೆ. ಸತ್ತರೆ ಚೆನ್ನಾಗಿತ್ತು, ತನಗೆ ತಾನೇ ನೋವು ಮಾಡಿಕೊಳ್ಳಬೇಕು ಅನ್ನುವ ಯೋಚನೆಯ ಬಗ್ಗೆ ಅದು. ಆ ಫಾರಂ ಕೊಟ್ಟ ಮೇಲೆ ಅದೇ ರಾತ್ರಿ ಪ್ರತಿಯೊಂದನ್ನೂ ಓದುವ ಹೊಣೆ ನಿಮ್ಮದು. ತಿಂಗಳ ಕೊನೆಗೆ ಕಂಪ್ಯೂಟರಿಗೆ ಹಾಕುವಾಗ "ಹೆಚ್ಚುಕಡಿಮೆ ಪ್ರತಿದಿನ" ಅಂತ ಗುರುತು ಹಾಕಿದ್ದು ಕಂಡರೆ ಏನು ಮಾಡ್ತೀರಿ?

ಬದಲಿಗೆ ಡಬ್ಲ್ಯುಎಚ್‌ಒ-5 ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಈ ಪ್ರಶ್ನಾವಳಿಯಲ್ಲಿ ಐದೇ ವಾಕ್ಯ, ಎಲ್ಲ ನೆಮ್ಮದಿ, ಉತ್ಸಾಹದ ಬಗ್ಗೆ. ಒಟ್ಟು 25, ನಾಲ್ಕರಿಂದ ಗುಣಿಸಿ ನೂರಕ್ಕೆ ತರುತ್ತಾರೆ. ಸೇರಿದಾಗ ಒಮ್ಮೆ, 12 ವಾರದ ಮೇಲೆ ಒಮ್ಮೆ, ಇಷ್ಟ ಇದ್ದವರಿಗೆ ಮಾತ್ರ. ಅಂಕ ತೀರ ಕೆಳಗಿದ್ದರೆ ಇಲ್ಲೂ ಒಂದು ಮಾತು ಕೇಳಲೇಬೇಕು, ಅದರಿಂದ ತಪ್ಪಿಸಿಕೊಳ್ಳಲಾಗದು. ಅಂಕ ಏರಿದ್ದು ಗುಂಪಿನಿಂದಲೇ ಅಂತ ವರದಿಯಲ್ಲಿ ಬರೆಯಬೇಡಿ. ತೀರಾ ಕೆಟ್ಟ ದಿನಗಳಲ್ಲಿ ಸೇರಿದವರಿಗೆ ಕಾಲ ಕಳೆದಂತೆ ಹೇಗೂ ಸ್ವಲ್ಪ ಏರುತ್ತೆ.

ನನ್ನ ಪ್ರಕಾರ ಅತಿ ಉಪಯೋಗದ ಅಂಕಿ ಬೇರೆಯೇ: ಮೊದಲ ಸಲ ಬಂದವರಲ್ಲಿ ಎಷ್ಟು ಮಂದಿ ಎರಡನೇ ಸಲ ಬಂದರು. ಒಂದು ಗುಂಪಿನಲ್ಲಿ ಇದು ಕುಸಿದರೆ ಬಾಗಿಲಲ್ಲಿ ಮಾತಾಡಿಸುವವರು ಇಲ್ಲ, ಇಲ್ಲವೇ ಹಳಬರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದಾರೆ ಅಂತ ಅರ್ಥ. ಹಾಜರಿ ಪುಸ್ತಕದಿಂದಲೇ ಸಿಗುತ್ತೆ, ಫಾರಂ ಬೇಡ.

ದಾನಿ ಉದಾಹರಣೆ ಕೇಳಿದರೆ ಜಿಂಬಾಬ್ವೆಯ ಫ್ರೆಂಡ್‌ಶಿಪ್ ಬೆಂಚ್ ಹೇಳಬಹುದು. ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ 14 ಅಜ್ಜಿಯರೊಂದಿಗೆ ಶುರು ಮಾಡಿದ್ದು, ಅದರ ಪ್ರಯೋಗದ ಫಲಿತಾಂಶ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 2016ರಲ್ಲಿ. ನಡುವೆ ಹತ್ತು ವರ್ಷ. ಆದರೆ ಹುಷಾರು, ಆ ಅಜ್ಜಿಯರು ತರಬೇತಿ ಪಡೆದ ಸಮುದಾಯ ಕಾರ್ಯಕರ್ತೆಯರು, ಒಬ್ಬೊಬ್ಬರ ಜೊತೆ ಕೂತು ಸಮಸ್ಯೆ ಬಿಡಿಸುವ ಚಿಕಿತ್ಸಾ ಕ್ರಮ ಅನುಸರಿಸುತ್ತಾರೆ. ನಿಮ್ಮ ಗುಂಪಿನ ಕೆಲಸ ಅದಲ್ಲ. ಅವರ ಫಲಿತಾಂಶ ನಿಮ್ಮ ಅರ್ಜಿಯಲ್ಲಿ ನಿಮ್ಮದರ ಹಾಗೆ ಕಾಣಬಾರದು.

ಜೋಡಿಕುರ್ಚಿ

ಸ್ವತಂತ್ರ ಗುಂಪು, ಒಂದೇ ಹೆಸರು ಅನ್ನುವುದು ಹಳೆಯ ದಾರಿ. 1935ರಲ್ಲಿ ಶುರುವಾದ, ಕುಡಿತ ಬಿಡಲು ಪರಸ್ಪರ ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಬೆಳೆದದ್ದೇ ಹಾಗೆ: ಪ್ರತಿ ಗುಂಪೂ ಸ್ವತಂತ್ರ, ಖರ್ಚು ತಾವೇ ನೋಡಿಕೊಳ್ಳಬೇಕು, ಹೊರಗಿನ ದೇಣಿಗೆ ಬೇಡ. ಕೇಂದ್ರಕ್ಕೆ ಭಾರ ಇಲ್ಲ, ಬೇಗ ಹರಡುತ್ತೆ. ಒಂದು ಪುಟದ ಒಪ್ಪಂದ ಮಾಡಿಕೊಂಡು ಬಿಡಬಹುದು ಅಂತ ನನ್ನ ಅಭಿಪ್ರಾಯ.

ಖಾತೆಪುಸ್ತಕ

ಇದನ್ನು ಒಪ್ಪಲ್ಲ. ಅವರಲ್ಲಿ ಬರೆದಿಟ್ಟ ಹೆಜ್ಜೆಗಳಿವೆ, ಕೂತ ಎಲ್ಲರಿಗೂ ಗೊತ್ತಿರುವ ಚೌಕಟ್ಟು ಇದೆ, ಹೊರಗಿನ ದುಡ್ಡೇ ತೆಗೆದುಕೊಳ್ಳುವುದಿಲ್ಲ. ಇಲ್ಲಿ ದಾನಿಯ ದುಡ್ಡು ಬರುತ್ತಿದೆ, ಹೆಸರು ಒಂದೇ. ಯಾರೂ ನೋಡದ ಗುಂಪಿನಲ್ಲಿ ಯಾರೋ ಮಾತ್ರೆ ಬಿಡಿಸಿದರೆ, ಸದಸ್ಯರ ಹತ್ತಿರ ಸಾಲ ಕೇಳಿದರೆ, ಉತ್ತರ ಕೊಡಬೇಕಾದವರು ನಿಮ್ಮ ಐವರು ಟ್ರಸ್ಟಿಗಳು. ಹೆಸರು ಕೊಡುವುದಾದರೆ ಕನಿಷ್ಠ ನಾಲ್ಕು ಷರತ್ತು: ನಿಮ್ಮ ತರಬೇತಿ, ನಿಮ್ಮ ಸೂಪರ್‌ವಿಷನ್‌ಗೆ ತಿಂಗಳಿಗೊಮ್ಮೆ ಹಾಜರಿ, ಅದೇ ಒಂದು ಹಾಳೆಯ ತುರ್ತು ಕ್ರಮ, ವರ್ಷಕ್ಕೆ ಎರಡು ಸಲ ನಿಮ್ಮವರು ಬಂದು ಕೂರುವ ಹಕ್ಕು. ತಪ್ಪಿದರೆ ಹೆಸರು ವಾಪಸ್.

ಜೋಡಿಕುರ್ಚಿ

ಸಾಲದ ಮಾತು ಸರಿ, ಅದು ಹೊಳೆದಿರಲಿಲ್ಲ. ನಾಲ್ಕೂ ಷರತ್ತು ಇರಲಿ.

ರಾತ್ರಿಪಾಳಿ

ಕಾಯುತ್ತಿರುವ ಐದು ಕಡೆಯವರಿಗೆ ಏನು ಹೇಳುವುದು ಅಂತ ಯಾರೂ ಹೇಳಲಿಲ್ಲ. "ನೋಡೋಣ" ಅನ್ನಬೇಡಿ, ಕಾಯುತ್ತಾ ಕೂರುತ್ತಾರೆ. ಈ ಥರ ಬರೆದು ಕಳಿಸಿ, ಬೇಕಾದ ಹಾಗೆ ತಿದ್ದಿಕೊಳ್ಳಿ:

"ನಿಮ್ಮಲ್ಲಿ ಗುಂಪು ಶುರು ಮಾಡಲು ಗುಂಪು ನಡೆಸಬಲ್ಲ ಮೂವರು ಬೇಕು. ಈ ವರ್ಷ ನಾವು ಒಂದು ಕಡೆ ಮಾತ್ರ ಶುರು ಮಾಡುತ್ತೇವೆ. ನಿಮ್ಮಲ್ಲಿ ಆಸಕ್ತಿ ಇರುವ ಇಬ್ಬರು ಮುಂದಿನ ತರಗತಿಗೆ ಸೇರಬಹುದು. 5 ವಾರದ ತರಗತಿ, ಆಮೇಲೆ 10 ವಾರ ನಮ್ಮ ಗುಂಪಿನಲ್ಲಿ ಕೂರಬೇಕು, ಓಡಾಟದ ಖರ್ಚು ನಾವು ಕೊಡುತ್ತೇವೆ. ಅಲ್ಲಿಯವರೆಗೆ ತುರ್ತು ಬಂದರೆ ಈ ಕೆಳಗಿನ ಸಹಾಯವಾಣಿ ಮತ್ತು ಆಸ್ಪತ್ರೆ. ಮುಂದಿನ ಸುದ್ದಿಯನ್ನು ಇಂಥ ತಾರೀಖಿನೊಳಗೆ ನಾವೇ ತಿಳಿಸುತ್ತೇವೆ."

ಆ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹೇಳಲು ಹೊಸದೇನೂ ಇಲ್ಲದಿದ್ದರೂ ಅವತ್ತು ಫೋನ್ ಮಾಡಿ.